ದಮ್ಮು ಬಿಡುವ ಹೊತ್ತು



ದತ್ತಿ ಉಪನ್ಯಾಸ ಎಂದರೆ ವಚನವೋ ಶಾಸನವೋ ಇರಬೇಕು. ಕರೆಯಲು ಬಂದವರಿಗೆ ನಾನು ಮೊದಲೇ ಹೇಳಿದೆ: "ಮೂವತ್ತು ವರ್ಷ ಸೀಟಿ ಊದಿಕೊಂಡು ಬಂದ ಪಿ.ಟಿ. ಮೇಷ್ಟ್ರು ನಾನು. ಹುಡುಗರ ಮೊಣಕಾಲು, ಹುಡುಗರ ಏದುಸಿರು, ಇವೆರಡು ಬಿಟ್ಟರೆ ನನಗೇನೂ ತಿಳಿಯದು." "ಹಾಗಾದರೆ ಏದುಸಿರಿನ ಮೇಲೇ ಮಾತಾಡಿ ಸಾರ್" ಎಂದು ಕಾರ್ಡು ಅಚ್ಚು ಹಾಕಿಸಿಯೇ ಬಿಟ್ಟರು. ಹೀಗಾಗಿ ಇವತ್ತಿನ ವಿಷಯ, ಕೈಕೈ ಮಿಲಾಯಿಸುವ ಆಟಗಳಲ್ಲಿ ಉಸಿರು ಮತ್ತು ಸಮಯ. ಗರಡಿ ಬರುತ್ತದೆ, ಕರಾಟೆ ಬರುತ್ತದೆ. ಕುಣಿಗಲ್ಲಿನ ಕುದುರೆ, ಗುಬ್ಬಿಯ ನಾಟಕ ಕೂಡ ನಡುವೆ ಹಾದುಹೋಗುತ್ತವೆ. ನಮ್ಮ ತುಮಕೂರು ಜಿಲ್ಲೆಯವನು ಉಸಿರಿನ ಮಾತೆತ್ತಿದರೆ ಇವೆರಡನ್ನು ಬಿಡಲಾಗದು.

ಶಬ್ದದಿಂದಲೇ ಶುರು ಮಾಡೋಣ, ಸಾಹಿತ್ಯದವರಿಗೂ ಸಮಾಧಾನವಾಗಲಿ. ಹಳಗನ್ನಡದಲ್ಲಿ 'ಉಸಿರ್' ಎಂಬ ಧಾತುವಿಗೆ ಉಸಿರಾಡು ಎಂಬ ಅರ್ಥವೂ ಉಂಟು, ಹೇಳು ಎಂಬ ಅರ್ಥವೂ ಉಂಟು. ಈಗಲೂ 'ಕಿವಿಯಲ್ಲಿ ಉಸುರಿದ' ಎನ್ನುತ್ತೇವೆ. 'ಉಸಿರೆತ್ತಬೇಡ' ಎಂದರೆ ಬಾಯಿಬಿಡಬೇಡ ಎಂದೇ. ನಮ್ಮ ಹಿಂದಿನವರ ಲೆಕ್ಕದಲ್ಲಿ ಉಸಿರೂ ಮಾತೂ ಒಂದೇ ಗಾಳಿ. ಅಖಾಡಕ್ಕೂ ಇದು ಅಕ್ಷರಶಃ ನಿಜ ಎಂಬುದಷ್ಟೇ ನನ್ನ ವಾದ. ಎದುರಾಳಿಯ ಮುಂದೆ ನಿಂತವನ ಉಸಿರು ಬಿಡುವಿಲ್ಲದೆ ಏನನ್ನೋ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಂಡವನ ಕಡೆಗೆ ಆಟ ವಾಲುತ್ತದೆ.

ಇನ್ನೊಂದು ಶಬ್ದ 'ದಮ್ಮು'. ಇದು ಪಾರಸಿಯಿಂದ ಬಂದದ್ದು, ಅಲ್ಲಿ ಉಸಿರು ಎಂದೇ ಅರ್ಥ. ನಮ್ಮಲ್ಲಿಗೆ ಬಂದ ಮೇಲೆ ಮೈ ಬೆಳೆಸಿಕೊಂಡಿತು. ಬೀಡಿಯ ದಮ್ಮು, ಬಿರಿಯಾನಿಯ ದಮ್ಮು, ಚಳಿಗಾಲದಲ್ಲಿ ಅಜ್ಜನನ್ನು ಕಾಡುವ ದಮ್ಮು, 'ದಮ್ಮಿದ್ದರೆ ಬಾರೋ' ಎನ್ನುವ ಪುಂಡರ ದಮ್ಮು. ಗರಡಿಯಲ್ಲಿ 'ದಮ್ಮು ಕಟ್ಟು'. ನನ್ನ ತಕರಾರು ಇರುವುದು ಈ ಕೊನೆಯದರ ಜೊತೆ. ಈ ಎರಡು ಪದಗಳನ್ನು ತಪ್ಪಾಗಿ ತಿಳಿದು ಹಾಳಾದ ಹುಡುಗರು ಬಹಳ, ಅವರಲ್ಲಿ ನಾನೂ ಒಬ್ಬ.

ನಾನು ಹೋಗುತ್ತಿದ್ದ ಗರಡಿಗೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು, ಬಾಗಿಲು ಅಷ್ಟು ಗಿಡ್ಡ. ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಯಲ್ಲಿ ಎಣ್ಣೆ ಹಿಡಿದು ಕಪ್ಪಾದ ಆಂಜನೇಯ, ಮೂಲೆಗೆ ಒರಗಿಸಿದ ಗದೆ, ಒಂದು ಕಲ್ಲಿನ ಗುಂಡು. ಉಸ್ತಾದರಿಗೆ ಆಗಲೇ ಅರವತ್ತು ದಾಟಿತ್ತು. ಹೊಸಬ ಬಸ್ಕಿ ಹೊಡೆಯುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವನ ಪಕ್ಕೆಲುಬಿನ ಕೆಳಗೆ ಅಂಗೈ ಇಡುತ್ತಿದ್ದರು. ಎಷ್ಟು ಬಸ್ಕಿ ಹೊಡೆದೆ ಎಂದು ಅವರು ಕೇಳಿದ್ದೇ ಇಲ್ಲ. ಕೈಯ ಕೆಳಗೆ ಹೊಟ್ಟೆ ಎಷ್ಟು ಸಲ ಒಳಗೆ ಹೋಯಿತು ಎಂದು ತಾವೇ ಎಣಿಸುತ್ತಿದ್ದರು. ನಾನು ಏಳುವಾಗ ಉಸಿರು ಬಿಗಿಹಿಡಿದರೆ ಅಂಗೈಯಿಂದ ಪಟ್ಟನೆ ಒಂದು ಏಟು. "ದಮ್ಮು ಕಟ್ಟೋ ಅಂದ್ರೆ ಮೂಗು ಮುಚ್ಚೋದಲ್ಲ ಕಣೋ! ಕಟ್ಟೋದು ಅಂದ್ರೆ ಮನೆ ಕಟ್ಟಿದ ಹಾಗೆ. ಒಂದೊಂದೇ ಕಲ್ಲು."

ಆಗ ತಿಳಿಯಲಿಲ್ಲ. ಹತ್ತೊಂಬತ್ತು ವರ್ಷ, ಎದೆ ಅಗಲ, ಕೊಬ್ಬು. ಒಂದು ಜಾತ್ರೆಯ ಜೋಡಿ ಕುಸ್ತಿಯಲ್ಲಿ ನನಗಿಂತ ಸಣಕಲನೊಬ್ಬ ಎದುರಾದ. ಸಲಾಮಿ ಆಯಿತು, ಕೈ ಸೇರಿತು, ಕುತ್ತಿಗೆಗೆ ಕುತ್ತಿಗೆ ಬಿತ್ತು. ನಾನು ಹಲ್ಲು ಕಚ್ಚಿ ಉಸಿರು ಹಿಡಿದು ತಳ್ಳಿದೆ. ಅವನು ತಳ್ಳಲೂ ಇಲ್ಲ, ಬಿಡಲೂ ಇಲ್ಲ. ಅವನ ಕಿವಿ ನನ್ನ ಬಾಯಿಯ ಪಕ್ಕದಲ್ಲೇ ಇತ್ತು. ಅರ್ಧ ನಿಮಿಷವೂ ಆಗಿರಲಾರದು. ತಡೆಯಲಾರದೆ ಬಾಯಿ ತೆರೆದು 'ಹಾ' ಎಂದು ಗಾಳಿ ಎಳೆದುಕೊಂಡೆ. ಆ 'ಹಾ' ಮುಗಿಯುವ ಮೊದಲೇ ನನ್ನ ಎಡಗಾಲು ಅವನ ಕಂಕುಳಲ್ಲಿತ್ತು. ಬೆನ್ನು ಮಣ್ಣಿಗೆ, ಚಿತ್! ಮೈಮೇಲಿನ ಮಣ್ಣು ಒರೆಸುತ್ತ ಉಸ್ತಾದರು ಬೈಯಲೂ ಇಲ್ಲ. "ನೀನು ಉಸಿರು ತಗೊಂಡೆ, ಅವನು ಕಾಲು ತಗೊಂಡ" ಎಂದರು, ಅಷ್ಟೆ.

ಆಮೇಲೆ ದೈಹಿಕ ಶಿಕ್ಷಣದ ತರಬೇತಿಗೆ ಹೋದಾಗ ಶರೀರಶಾಸ್ತ್ರದ ಪುಸ್ತಕದಲ್ಲಿ ನನ್ನ ಸೋಲಿನ ಕಾರಣ ಚಿತ್ರಸಹಿತ ಅಚ್ಚಾಗಿತ್ತು. ಸುಮ್ಮನೆ ಕುಳಿತವನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆ, ಸಲಕ್ಕೆ ಸುಮಾರು ಅರ್ಧ ಲೀಟರು ಗಾಳಿ. ಪಳಗಿದ ಪಟು ಮೈಮುರಿದು ಸೆಣಸುವಾಗ ಅದು ನಿಮಿಷಕ್ಕೆ 100 ಲೀಟರನ್ನೂ ದಾಟುತ್ತದೆ. ಈ ಗಾಳಿಯನ್ನು ಎಳೆಯುವ ಮುಖ್ಯ ಸ್ನಾಯು ವಪೆ, ಎದೆಗೂ ಹೊಟ್ಟೆಗೂ ನಡುವಿನ ಕೊಡೆಯಾಕಾರದ ಪರದೆ. ಅದು ಕೆಳಗಿಳಿದರೆ ಉಸಿರು ಒಳಗೆ, ಸಡಿಲಿ ಮೇಲೇರಿದರೆ ಹೊರಗೆ. ವಪೆ ಇಳಿಯುವಾಗ ಕರುಳಿಗೆ ಜಾಗ ಬಿಡಲು ಹೊಟ್ಟೆಯ ಸ್ನಾಯು ಸಡಿಲವಾಗಬೇಕು. ಹೊಡೆಯಲು, ತಳ್ಳಲು, ಏಟು ತಡೆಯಲು ಅದೇ ಹೊಟ್ಟೆ ಬಿಗಿಯಾಗಬೇಕು. ಒಂದೇ ಗಳಿಗೆಯಲ್ಲಿ ಎರಡೂ ಆಗದು. ದೊಡ್ಡದಾಗಿ ಉಸಿರು ಎಳೆದುಕೊಳ್ಳುತ್ತಿರುವವನು ಅಷ್ಟು ಹೊತ್ತು ಬಾಗಿಲು ತೆರೆದಿಟ್ಟ ಮನೆ.

ಎದೆಗೂಡಿನ ಕೆಳಗಿನ ಗುಳಿಗೆ ಏಟು ಬಿದ್ದು 'ಉಸಿರು ಹಾರಿಹೋಯಿತು' ಎನ್ನುತ್ತೇವಲ್ಲ, ಅಲ್ಲಿ ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ವಪೆ ಗಕ್ಕನೆ ಸೆಡೆತುಕೊಂಡಿರುತ್ತದೆ. ಕೆಲವು ಸೆಕೆಂಡು ಅದು ಯಾರ ಮಾತನ್ನೂ ಕೇಳುವುದಿಲ್ಲ. ಅದೇ ಏಟು ಉಸಿರು ಬಿಡುವಾಗ, ಹೊಟ್ಟೆ ಬಿಗಿದಿರುವಾಗ ಬಿದ್ದರೆ ಬರೀ ನೋವು.

ಉಸಿರು ಹಿಡಿಯುವುದು ಪೂರ್ತಿ ತಪ್ಪು ಎಂದೂ ಹೇಳಲಾರೆ. 1704ರಲ್ಲಿ ಕಿವಿಯ ಮೇಲೆ ಗ್ರಂಥ ಬರೆದ ಇಟಲಿಯ ವೈದ್ಯ ವಲ್ಸಾಲ್ವ, ಬಾಯಿ ಮೂಗು ಮುಚ್ಚಿ ಒಳಗೇ ಗಾಳಿ ಒತ್ತುವ ಉಪಾಯ ಹೇಳಿದ್ದು ಕಿವಿಯೊಳಗಿನ ಕೀವು ಹೊರಗೆ ಹಾಕಲು. ಈಗ ಭಾರ ಎತ್ತುವವರೆಲ್ಲ ಅವನ ಹೆಸರು ಹೇಳುತ್ತಾರೆ. ಉಸಿರು ಹಿಡಿದಾಗ ಹೊಟ್ಟೆಯೊಳಗಿನ ಒತ್ತಡ ಬೆನ್ನುಮೂಳೆಗೆ ಊರೆಯಾಗುತ್ತದೆ. ಎದುರಾಳಿಯನ್ನು ಸೊಂಟಕ್ಕೆ ಹಾಕಿ ಎತ್ತುವ ಆ ಒಂದು ಕ್ಷಣಕ್ಕೆ ಇದು ಬೇಕು. ಆದರೆ ಅದೇ ಒತ್ತಡ ಹೃದಯಕ್ಕೆ ಮರಳುವ ರಕ್ತವನ್ನೂ ತಡೆಯುತ್ತದೆ, ರಕ್ತದೊತ್ತಡವನ್ನು ಏರಿಸಿ ಇಳಿಸಿ ಆಡಿಸುತ್ತದೆ. ಜೊತೆಗೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರಿಗಾಗಿ ಪ್ರಾಣ ಚಡಪಡಿಸುವುದು ಬಹುಮಟ್ಟಿಗೆ ಅದರಿಂದಲೇ. ಅದನ್ನು ಕಳೆಯುವ ದಾರಿ ಉಸಿರು ಬಿಡುವುದು. ಸುಸ್ತಾದ ಹುಡುಗನಿಗೆ ಅಂಗಳದ ಹೊರಗಿನಿಂದ 'ಉಸಿರು ತಗೋ, ತಗೋ' ಎಂದು ಕೂಗುವ ಗೆಳೆಯರು ಅವನಿಗೆ ಉಪಕಾರ ಮಾಡುವುದಿಲ್ಲ. 'ಬಿಡು' ಎನ್ನಬೇಕು. ಬಿಟ್ಟರೆ ತಗೊಳ್ಳುವುದು ತಾನಾಗಿ ಆಗುತ್ತದೆ. ಎಳೆಯುವುದು ಪೂರಕ, ಹಿಡಿಯುವುದು ಕುಂಭಕ, ಬಿಡುವುದು ರೇಚಕ ಎಂದು ಯೋಗದವರು ಮೂರು ಹೇಳುತ್ತಾರೆ. ನಮ್ಮಲ್ಲಿ ಎಲ್ಲರೂ ಕುಂಭಕವನ್ನೇ ಹೊಗಳುತ್ತಾರೆ, ಗುದ್ದಾಟದ ಕಸುಬೆಲ್ಲ ಇರುವುದು ರೇಚಕದಲ್ಲಿ.

ಈಗ ಕುಣಿಗಲ್ಲಿಗೆ ಹೋಗೋಣ. ಟಿಪ್ಪು ಸುಲ್ತಾನನ ಅಶ್ವದಳಕ್ಕೆಂದು ಶುರುವಾದ ಅಲ್ಲಿನ ಕುದುರೆ ಫಾರಂ ಎಲ್ಲರಿಗೂ ಗೊತ್ತು. ಬೆಂಗಳೂರು ಬಸ್ಸಿನ ಕಿಟಕಿಯಿಂದ ಬೇಲಿಯಾಚೆ ಕಾಣುವ ಹಸಿರು ನೋಡದವರು ಕಡಿಮೆ. ಒಂದು ಡಿಸೆಂಬರ್ ಬೆಳಗ್ಗೆ, ಅಲ್ಲಿ ಲಾಯದ ಕೆಲಸದಲ್ಲಿದ್ದ ಪರಿಚಯದವರೊಬ್ಬರ ದಯದಿಂದ ಬೇಲಿಯ ಹತ್ತಿರ ನಿಂತಿದ್ದೆ. ಎರಡು ಮರಿಗಳು ಏನೋ ಖುಷಿ ಹತ್ತಿ ನಾಗಾಲೋಟಕ್ಕೆ ಬಿದ್ದವು. ಕಾಲಿನ ಸದ್ದಿನ ಜೊತೆ ಇನ್ನೊಂದು ಸದ್ದು, ಮೂಗಿನಿಂದ 'ಹುಫ್, ಹುಫ್' ಎಂದು. ಎರಡೂ ಒಂದೇ ತಾಳ. ಒಂದು ನೆಗೆತಕ್ಕೆ ಒಂದು ಉಸಿರು, ಹೆಚ್ಚಿಲ್ಲ, ಕಡಿಮೆಯಿಲ್ಲ. "ಬಾಯಲ್ಲಿ ಉಸಿರಾಡಕ್ಕೆ ಬರಲ್ಲ ಸಾರ್ ಇವಕ್ಕೆ, ಮೂಗೇ ಗತಿ" ಎಂದರು ಆ ಪರಿಚಯದವರು.

ನಾಗಾಲೋಟದ ಕುದುರೆಗೆ ಬೇರೆ ದಾರಿಯಿಲ್ಲ. ಮುಂಗಾಲು ನೆಲಕ್ಕೆ ಊರಿದಾಗ ಮೈಯ ಭಾರವೆಲ್ಲ ಎದೆಗೂಡಿನ ಮೇಲೆ ಬೀಳುತ್ತದೆ, ಒಳಗಿನ ಅಂಗಗಳು ಮುಂದಕ್ಕೆ ನುಗ್ಗುತ್ತವೆ, ಉಸಿರು ಹೊರಗೆ. ಮೈ ಚಾಚಿಕೊಂಡಾಗ ಉಸಿರು ಒಳಗೆ. ತಿದಿಯ ಹಾಗೆ. 1983ರಲ್ಲಿ ಡೆನಿಸ್ ಬ್ರ್ಯಾಂಬಲ್, ಡೇವಿಡ್ ಕ್ಯಾರಿಯರ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಮನುಷ್ಯನ ಓಟದ ಜೊತೆ ಇಟ್ಟು ನೋಡಿದರು. ನಾಲ್ಕು ಕಾಲಿನವು ನಾಗಾಲೋಟದಲ್ಲಿ ನೆಗೆತಕ್ಕೊಂದು ಉಸಿರಿಗೆ ಕಟ್ಟುಬಿದ್ದಿದ್ದರೆ, ಎರಡು ಕಾಲಿನ ಮನುಷ್ಯ ನಾಲ್ಕು ಹೆಜ್ಜೆಗೊಂದು, ಮೂರಕ್ಕೊಂದು, ಎರಡಕ್ಕೊಂದು ಎಂದು ಬೇಕಾದ ಹಾಗೆ ಬದಲಾಯಿಸಿಕೊಳ್ಳಬಲ್ಲ. ನೆಟ್ಟಗೆ ನಿಂತದ್ದರಿಂದ ನಮ್ಮ ಉಸಿರಿಗೆ ಕಾಲಿನ ಜೀತ ತಪ್ಪಿತು. ಓಡುತ್ತಲೇ ಮಾತಾಡಬಲ್ಲೆವು, ಕುಣಿಯುತ್ತಲೇ ಹಾಡಬಲ್ಲೆವು.

ಅದರ ಜೊತೆಗೇ ಉಸಿರಿನಲ್ಲಿ ಸುಳ್ಳು ಹೇಳುವುದನ್ನೂ ಕಲಿತೆವು. ಕುದುರೆ ತನ್ನ ದಣಿವನ್ನು ಬಚ್ಚಿಡಲಾರದು. ಮನುಷ್ಯ ಬಚ್ಚಿಡಬಲ್ಲ, ಇಲ್ಲದ ದಣಿವನ್ನು ತೋರಿಸಲೂ ಬಲ್ಲ.

ಕಣ್ಣು ಕಂಡದ್ದಕ್ಕೆ ಕೈ ಅಲುಗಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಪಳಗಿದವನ ಗುದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಬಂದು ತಲುಪುತ್ತದೆ. ಗುದ್ದನ್ನು ನೋಡಿಕೊಂಡು ತಡೆಯುತ್ತೇನೆ ಎಂದರೆ ತಡವಾಯಿತು ಎಂದೇ ಲೆಕ್ಕ. ಗುದ್ದಿಗೆ ಮುಂಚೆ ಬರುವ ಸುಳಿವನ್ನು ಹಿಡಿಯಬೇಕು. ಭುಜದ ಅಲುಗು ಒಂದು ಸುಳಿವು, ಹಿಂಗಾಲಿನ ಒತ್ತು ಒಂದು, ಉಸಿರು ಒಂದು. ಕರಾಟೆಯಲ್ಲಿ ಸಮಯಕ್ಕೆ ಮೂರು ಹೆಸರಿವೆ. ಅವನು ಹೊಡೆದ ಮೇಲೆ ತಡೆದು ಹೊಡೆಯುವುದು ಗೋ ನೋ ಸೆನ್. ಅವನು ಹೊರಟಾಗಲೇ ತಾನೂ ಹೊರಡುವುದು ಸೆನ್ ನೋ ಸೆನ್. ಅವನು ಮನಸ್ಸು ಮಾಡಿದ್ದು ತಿಳಿದು ಕೈ ಎತ್ತುವ ಮೊದಲೇ ಮುಗಿಸುವುದು ಸೆನ್ ಸೆನ್ ನೋ ಸೆನ್. ಮೂರನೆಯದು ಕೇಳಲು ಮಂತ್ರವಿದ್ಯೆಯ ಹಾಗಿದೆ. ನನ್ನನ್ನು ಬೀಳಿಸಿದ ಆ ಸಣಕಲನಿಗೆ ಜಪಾನಿನ ಹೆಸರು ಗೊತ್ತಿರಲಿಲ್ಲ, ವಿದ್ಯೆ ಗೊತ್ತಿತ್ತು.

ತುಮಕೂರಿನಲ್ಲಿ ಸಂಜೆ ಹೊತ್ತು ಯಾವ ಕರಾಟೆ ತರಗತಿಯ ಮುಂದೆ ಹಾದುಹೋದರೂ ಮಕ್ಕಳ ಚೀರಾಟ ರಸ್ತೆಗೆ ಕೇಳುತ್ತದೆ. ಅದು ಕಿಯಾಯ್. ಹೊಡೆತ ಮುಟ್ಟುವ ಗಳಿಗೆಗೆ ಹೊಟ್ಟೆಯಿಂದ ಉಸಿರು ಹೊರಬೀಳಬೇಕು, ಆ ಸದ್ದೇ ಕಿಯಾಯ್ ಆಗಬೇಕು. ಮಕ್ಕಳು ಗಂಟಲಿನಿಂದ ಕಿರುಚುತ್ತವೆ, ಅಪ್ಪ ಅಮ್ಮಂದಿರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಾರೆ, ಇರಲಿ. ಸೌದೆ ಒಡೆಯುವವರು, ಬಟ್ಟೆ ಒಗೆಯುವವರು ಕಲ್ಲಿಗೆ ಬಡಿಯುವಾಗ ಬಿಡುವ 'ಹುಶ್ಶ್' ಇದೆಯಲ್ಲ, ನನ್ನ ಪ್ರಕಾರ ಅದಕ್ಕಿಂತ ಶುದ್ಧವಾದ ಕಿಯಾಯ್ ಇಲ್ಲ.

ಹೈಸ್ಕೂಲಿನಲ್ಲಿ ನನ್ನ ಹತ್ತಿರ ಒಬ್ಬ ಹುಡುಗಿ ಇದ್ದಳು, ಮೈಕಟ್ಟು ಸಣ್ಣದು. ಕುಮಿಟೆಗೆ, ಅಂದರೆ ಕರಾಟೆಯ ಜೋಡಿ ಸೆಣಸಾಟಕ್ಕೆ, ನಿಂತರೆ ಮೊದಲ ನಿಮಿಷ ಚೆನ್ನಾಗಿ ಆಡುವಳು, ಆಮೇಲೆ ಬಾಯಿ ತೆರೆದು ಭುಜ ಮೇಲೆ ಕೆಳಗೆ ಆಡಿಸುವಳು. ಎದುರಾಳಿಗಳು ಭುಜ ಏರುವುದನ್ನೇ ಕಾದು ಹೊಡೆಯುತ್ತಿದ್ದರು. ಎರಡು ತಿಂಗಳು ಅವಳಿಗೆ ನಾನು ಹೊಡೆತವನ್ನೇ ಕಲಿಸಲಿಲ್ಲ. ನೆಲಕ್ಕೆ ಮಲಗಿಸಿ, ಹೊಟ್ಟೆಯ ಮೇಲೆ ನೋಟ್ ಪುಸ್ತಕ ಇಟ್ಟು, ಪುಸ್ತಕ ಏರಬೇಕು, ಎದೆ ಏರಕೂಡದು ಎಂದೆ. ಆಮೇಲೆ ನಿಂತು, ಆಮೇಲೆ ಹೆಜ್ಜೆ ಹಾಕುತ್ತ. ಮೂಗಿನಿಂದ ಸಣ್ಣ ಸಣ್ಣ ಗುಟುಕು ಒಳಗೆ, ಹಲ್ಲಿನ ಸಂದಿಯಿಂದ 'ಸ್' ಎಂದು ಹೊರಗೆ. ಎರಡು ಗುದ್ದು ಒಟ್ಟಿಗೆ ಬಿಟ್ಟರೆ ಉಸಿರನ್ನೂ ಎರಡು ತುಂಡು ಮಾಡಿ ಬಿಡಬೇಕು, ಮೊದಲನೆಯದಕ್ಕೇ ಎಲ್ಲ ಚೆಲ್ಲಬಾರದು. ಗಾಳಿ ತುಂಬಿಕೊಳ್ಳುವುದೇನಿದ್ದರೂ ಎದುರಾಳಿಯ ಕೈಕಾಲು ಎಟುಕದಷ್ಟು ಹಿಂದೆ ಸರಿದಾಗ.

ಮುಂದಿನ ವರ್ಷದ ಪಂದ್ಯದಲ್ಲಿ ಎರಡು ನಿಮಿಷ ಕಳೆದಿರಬಹುದು, ಇವಳ ಭುಜ ಮತ್ತೆ ಹಳೆಯ ಹಾಗೆ ಏರತೊಡಗಿತು. ಬಾಯಿ ತೆರೆಯಿತು. ನನಗೆ ಹೊಟ್ಟೆ ಉರಿಯಿತು, ಎರಡು ತಿಂಗಳ ಕೆಲಸ ನೀರಿಗೆ ಬಿತ್ತಲ್ಲ ಎಂದು. ಎದುರಿನ ಹುಡುಗಿ ಸಂದು ಸಿಕ್ಕಿತೆಂದು ನುಗ್ಗಿದಳು. ಇವಳ ಮುಷ್ಟಿ ಆಗಲೇ ಅಲ್ಲಿತ್ತು. ತೀರ್ಪುಗಾರರ ಬಾವುಟ ಏರಿತು. ಕೆಳಗಿಳಿದು ಬಂದವಳನ್ನು ಕೇಳಿದೆ, "ಏನಮ್ಮ, ಅಷ್ಟು ಬೇಗ ದಮ್ಮು ಹೋಯ್ತಾ?" "ಹೋಗಿರಲಿಲ್ಲ ಸಾರ್, ಹೋದ ಹಾಗೆ ಮಾಡಿದೆ" ಎಂದಳು. ಅವಳಿಗೆ ನಾನು ಇದನ್ನು ಕಲಿಸಿರಲಿಲ್ಲ.

ಉಸಿರನ್ನು ಪಳಗಿಸುವುದು ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಜಟ್ಟಿಗಳ ವರ್ಗ, ಊಟ, ಸಾಮು ಎಲ್ಲದಕ್ಕೂ ಲೆಕ್ಕ. ಭಾರ ಹೊರುವುದು, ಬೆಳಗಿನ ನಡಿಗೆ, ಕಂಬದ ಸಾಮು ಇವುಗಳ ಜೊತೆ ನೀರಿನ ಸಾಮನ್ನೂ ಹೇಳಿದ್ದಾರೆ. ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಉಸಿರೆಳೆದು ನೋಡಿ, ನೀರು ಎದೆಯನ್ನು ಸುತ್ತಲಿಂದ ಒತ್ತುತ್ತದೆ, ಪ್ರತಿ ಉಸಿರಿಗೂ ಕೂಲಿ ಕೊಡಬೇಕು. ಹಾಡಿನಲ್ಲಿ ಸೇರಿಹೋದ ಕುಣಿಗಲ್ ಕೆರೆಯಲ್ಲಿ ಈಜಿ ಬೆಳೆದ ಹುಡುಗರಿಗೆ ಗರಡಿಯಲ್ಲಿ ದಮ್ಮು ಬೇಗ ಹತ್ತುತ್ತಿರಲಿಲ್ಲ ಎಂದು ನಮ್ಮ ಉಸ್ತಾದರೂ ಹೇಳುತ್ತಿದ್ದರು. ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ ಡೊಮಿಂಗೊ ಪಾಯೆಸ್, ಅಲ್ಲಿನ ಮಲ್ಲರು ಹಲ್ಲು ಉದುರುವಂತೆ ಗುದ್ದಾಡುತ್ತಿದ್ದರು, ಕೆಲವರನ್ನು ಮಾತೇ ಹೊರಡದ ಸ್ಥಿತಿಯಲ್ಲಿ ಗೆಳೆಯರು ಹೊತ್ತೊಯ್ಯುತ್ತಿದ್ದರು ಎಂದು ಬರೆದಿದ್ದಾನೆ. ಉಸಿರು ಹೋದವನಿಗೆ ಮೊದಲು ಹೋಗುವುದು ಮಾತು, ಪರದೇಶಿಯೂ ಅದನ್ನು ಗಮನಿಸಿದ.

ನೀರು ಎಂದಾಗ ರನ್ನನ ದುರ್ಯೋಧನ ನೆನಪಾಗದೆ ಇರುವುದಿಲ್ಲ. ವೈಶಂಪಾಯನ ಸರೋವರದೊಳಗೆ ಮಂತ್ರಬಲದಿಂದ ಅಡಗಿ ಕೂತವನಿಗೆ ಇದ್ದ ಕೆಲಸ ಒಂದೇ, ಕಾಯುವುದು. ಕುಂಭಕದ ಪರಮಾವಧಿ ಅನ್ನಿ. ದಡದಲ್ಲಿ ಭೀಮ ಗರ್ಜಿಸುತ್ತಾನೆ, ಇವನು ನೀರೊಳಗೇ ಬೆವರುತ್ತಾನೆ, ಕೊನೆಗೆ ತಡೆಯಲಾರದೆ ಎದ್ದು ಬರುತ್ತಾನೆ. ಪಂಡಿತರು ಇದರಲ್ಲಿ ರೌದ್ರ ರಸ, ಛಲ, ಸ್ವಾಭಿಮಾನ ಕಾಣುತ್ತಾರೆ. ಪಿ.ಟಿ. ಮೇಷ್ಟ್ರಿಗೆ ಕಾಣುವುದು ಬೇರೆ. ಹೊತ್ತನ್ನು ಎದುರಾಳಿ ಗೊತ್ತುಮಾಡಿದ, ಇವನು ಆ ಹೊತ್ತಿಗೆ ಎದ್ದ.

ಕಬಡ್ಡಿಯ ಬಗ್ಗೆ ಒಂದೇ ಮಾತು. ನಾವು ಚಿಕ್ಕಂದಿನಲ್ಲಿ ಚಡುಗುಡು ಎನ್ನುತ್ತಿದ್ದ ಈ ಆಟದಲ್ಲಿ ಉಸಿರು ಗಟ್ಟಿಯಾಗಿ ಕೇಳಿಸಲೇಬೇಕೆಂಬುದು ಕಾನೂನು. ಬಚ್ಚಿಡುವ ಹಾಗಿಲ್ಲ, ಏಳು ಜನ ಕಿವಿಗೊಟ್ಟು ಕಾಯುತ್ತಿರುತ್ತಾರೆ, ಸ್ವರ ತೆಳ್ಳಗಾಯಿತೋ ಬಂದು ತಬ್ಬಿದರು. ಈಗಿನ ಟಿ.ವಿ. ಕಬಡ್ಡಿಯಲ್ಲಿ ದಾಳಿಗೆ 30 ಸೆಕೆಂಡಿನ ಗಡಿಯಾರ ಬಂದ ಮೇಲೆ ಜನ ಗಡಿಯಾರ ನೋಡುತ್ತಾರೆ, ಸ್ವರ ಕೇಳುವುದಿಲ್ಲ. ನನಗೆ ಅದು ಸಪ್ಪೆ.

ಕೊನೆಗೆ ಗುಬ್ಬಿ. 1884ರಲ್ಲಿ ಹುಟ್ಟಿದ ಕಂಪನಿ, 1891ರಲ್ಲಿ ಹುಟ್ಟಿದ ವೀರಣ್ಣನವರು, ಆನೆ ಕುದುರೆಗಳನ್ನೇ ರಂಗಕ್ಕೆ ತಂದ 'ಕುರುಕ್ಷೇತ್ರ', ಇದನ್ನೆಲ್ಲ ಈ ಊರಿನಲ್ಲಿ ನಾನು ಹೇಳುವುದು ಅಧಿಕಪ್ರಸಂಗ. ಕಂಪನಿ ನಾಟಕ ಹೋದರೂ ನಮ್ಮ ಹಳ್ಳಿಗಳ ಕುರುಕ್ಷೇತ್ರದ ಹುಚ್ಚು ಹೋಗಿಲ್ಲ. ಕೈಯಿಂದ ದುಡ್ಡು ಕೊಟ್ಟು ಪಾತ್ರ ಕೊಳ್ಳುವ ಜನ ನಾವು, ದುರ್ಯೋಧನನಿಗೆ ರೇಟು ಜಾಸ್ತಿ. ಗದೆ ಬೀಸುತ್ತ, ಹೆಜ್ಜೆ ಹಾಕುತ್ತ, ಆಮೇಲೆ ಉದ್ದನೆಯ ಕಂದಪದ್ಯವನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು. ಯಾವ ಕರಾಟೆ ಪಟುವಿಗೂ ಇಷ್ಟು ಕಷ್ಟದ ಪರೀಕ್ಷೆ ಇಲ್ಲ.

ಕೆಲವು ವರ್ಷದ ಹಿಂದೆ ಗುಬ್ಬಿ ಸೀಮೆಯ ಒಂದು ಊರಿನಲ್ಲಿ ರಾತ್ರಿಯೆಲ್ಲ ಕೂತು ನೋಡಿದೆ. ದುರ್ಯೋಧನ ಊರಿನ ದಿನಸಿ ಅಂಗಡಿಯವರು, ಐವತ್ತರ ಮೇಲೆ. ಭೀಮ ಲಾರಿ ಓಡಿಸುವ ಎಳೆಯ ಹುಡುಗ. ಗದಾಯುದ್ಧದ ಸೀನು ಬರುವ ಹೊತ್ತಿಗೆ ಬೆಳಗಿನ ಜಾವ ನಾಲ್ಕೂವರೆ. ಹುಡುಗ ಹುರುಪಿನಲ್ಲಿ ನಾಲ್ಕು ಸುತ್ತು ಗದೆ ತಿರುಗಿಸಿದ, ಕುಣಿದ, ತೊಡೆ ತಟ್ಟಿದ. ಇನ್ನು ಪದ್ಯ ಹೇಳಿ ದುರ್ಯೋಧನನ ತೊಡೆಗೆ ಹೊಡೆಯಬೇಕು. ಬಾಯಿ ತೆರೆದ, ಸ್ವರ ಬರಲಿಲ್ಲ. ಎದೆಕವಚ ಮೇಲೆ ಕೆಳಗೆ ಆಡುತ್ತಿದ್ದುದು ಹತ್ತನೇ ಸಾಲಿನಲ್ಲಿ ಕೂತ ನನಗೆ ಕಾಣುತ್ತಿತ್ತು.

ದುರ್ಯೋಧನ ಅವನ ಹೊಟ್ಟೆಯನ್ನೇ ನೋಡುತ್ತಿದ್ದರು. ಗದೆಯನ್ನು ಹೆಗಲಿಗೆ ಹಾಕಿ, ರಂಗದ ಸುತ್ತ ನಿಧಾನವಾಗಿ ಒಂದು ಸುತ್ತು ಹೊರಟು, ಆಗಲೇ ಹಾಡಿ ಮುಗಿಸಿದ್ದ ತಮ್ಮ ಪದ್ಯವನ್ನೇ ಮತ್ತೆ ಎತ್ತಿಕೊಂಡರು. ಹಾರ್ಮೋನಿಯಂ ಮೇಷ್ಟ್ರು ತಲೆಯೆತ್ತಿ ನೋಡಿದವರು ತಕ್ಷಣ ಶ್ರುತಿ ಹಿಡಿದರು. ಪದ್ಯ ಮುಗಿದರೂ ಆಲಾಪ ಮುಗಿಯಲಿಲ್ಲ. ಹುಡುಗನ ಎದೆಕವಚದ ಕುಣಿತ ಇಳಿಯಿತು, ಬಾಯಿ ಮುಚ್ಚಿತು. ಆಗ ದುರ್ಯೋಧನ ಎರಡೂ ಕೈಯಲ್ಲಿ ಗದೆಯನ್ನು ತಲೆಯ ಮೇಲೆ ಎತ್ತಿ, ಎಡತೊಡೆ ಮುಂದಿಟ್ಟು ನಿಂತರು. ಭೀಮನ ಪದ್ಯ ಗಟ್ಟಿಯಾಗಿ ಬಂತು, ಏಟೂ ಬಂತು. ಜನ ಸಿಳ್ಳೆ ಹಾಕಿದರು.

ಬಣ್ಣದ ಮನೆಯಲ್ಲಿ ಕಿರೀಟ ಬಿಚ್ಚುತ್ತ ಕೂತಿದ್ದವರ ಹತ್ತಿರ ಹೋಗಿ, "ಆ ಪದ್ಯ ಎರಡು ಸಲ ಇತ್ತೇನು ಯಜಮಾನರೆ?" ಎಂದೆ. "ಇಲ್ಲ ಮೇಷ್ಟ್ರೆ. ಹುಡುಗನಿಗೆ ದಮ್ಮು ಹತ್ತಿತ್ತು, ಒಂದು ಸುತ್ತು ಜಾಸ್ತಿ ಹಾಡಿದೆ" ಎಂದು ಟೀ ಲೋಟಕ್ಕೆ ಕೈ ಚಾಚಿದರು.